ಬಟ್ಟಲಿಗೆ ದೃಷ್ಟಿಯಾಗದಿರಲೆಂದು

ಬೆಳಿಗ್ಗೆ ಎದ್ದ ಕೂಡಲೇ ತಾರಸಿ ಹತ್ತುವ ಹೊಸ ಅಭ್ಯಾಸವೊಂದು ನನಗೆ ಅಂಟಿಕೊಂಡಿದೆ. ಗಾಳಿಗೆ ಹೋಗುತ್ತಾರೆ ಎಂದು ನನ್ನ ಹೆಂಡತಿ ಗೌರಮ್ಮ ನೆಂಟರಿಗೆ ಹೇಳುತ್ತಾಳೆ. ನಾನು ತಿದ್ದಲು ಹೋಗುವುದಿಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾನು ಹತ್ತುವುದು ಒಂದು ಬಟ್ಟಲನ್ನು ನೋಡುವುದಕ್ಕೆ. ತಾರಸಿಯ ಮೋಟುಗೋಡೆಗೆ ಬಿಗಿದ ಕಬ್ಬಿಣದ ಪೈಪು, ಅದರ ತುದಿಯಲ್ಲಿ ಮುದ್ದೆ ತಟ್ಟೆಯಷ್ಟು ಅಗಲದ ಬೂದು ಬಣ್ಣದ ಬಟ್ಟಲು. ಅದು ನರಸೀಪುರದ ಕಡೆಗೆ ಮುಖ ಮಾಡಿಕೊಂಡಿದೆ. ಅಲ್ಲಿನ ಟವರಿನಿಂದ ಗಾಳಿಯಲ್ಲಿ ಬರುವ ಇಂಟರ್ನೆಟ್ಟನ್ನು ಹಿಡಿದು, ಒಂದು ತಂತಿಯ ಮೂಲಕ ಕೆಳಗಿನ ಕೋಣೆಗೆ ಇಳಿಸುತ್ತದೆ. ಬಟ್ಟಲಿನ ಮುಂದೆ ಏನೂ ಇಲ್ಲವೆಂದು ಖಚಿತಪಡಿಸಿಕೊಂಡು ಕೆಳಗಿಳಿಯುತ್ತೇನೆ. ಆಮೇಲೆ ಕಾಫಿ.

ಏನೂ ಇಲ್ಲವೆಂದು ದಿನಾ ನೋಡಬೇಕಾದ ಕಾರಣವನ್ನು ಹೇಳುವ ಮೊದಲು ನನ್ನ ವಿಷಯ ಒಂದೆರಡು ಮಾತು. ನಾನು ಸರ್ವೆ ಇಲಾಖೆಯಲ್ಲಿದ್ದವನು. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕುಗಳ ಬದುಗಳ ಮೇಲೆ ಸರಪಳಿ ಎಳೆಸುತ್ತಾ ತಲೆ ನೆರೆಸಿಕೊಂಡೆ. ಅಣ್ಣತಮ್ಮಂದಿರು ದೊಣ್ಣೆ ಹಿಡಿದು ನಿಂತಿರುವಾಗ, ನಡುವೆ ಒಂದು ಕಲ್ಲು ನೆಟ್ಟು, ಇಲ್ಲಿಂದ ಆಚೆ ಅವನದು, ಈಚೆ ಇವನದು ಎಂದು ಹೇಳುವ ಕೆಲಸ. ಅಂಥ ಕಡೆ ಒಂದು ಗೇಣು ತಪ್ಪಿದರೂ ತಲೆ ಒಡೆಯುತ್ತದೆ. ಅದಕ್ಕೇ ಕಂಡದ್ದನ್ನು ಮಾತ್ರ ಹೇಳುವುದು, ಅಳೆದದ್ದನ್ನು ಮಾತ್ರ ನಂಬುವುದು ನನಗೆ ರೂಢಿಯಾಯಿತು. ನಿವೃತ್ತನಾದ ಮೇಲೂ ಅದು ಬಿಟ್ಟಿಲ್ಲ. ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದರೆ ಎಷ್ಟು ಕಡಿಮೆ ಎಂದು ಗೌರಮ್ಮ ಕೇಳುತ್ತಾಳೆ. ಕಾಲು ಚಮಚ ಎಂದು ನಾನು ಹೇಳುತ್ತೇನೆ. ಈ ಘಟನೆಯನ್ನೂ ಹಾಗೆಯೇ, ಆದದ್ದು ಆದ ಹಾಗೆ ಹೇಳುತ್ತೇನೆ. ನಿಧಾನವಾಗಿ ಹೇಳಿದರೆ ಸಹಿಸಿಕೊಳ್ಳಬೇಕು.

ನಮ್ಮ ಸೊಸೆ ಪವಿತ್ರ. ಬಿಳಿಗೆರೆ ಕಡೆಯ ಹುಡುಗಿ. ಮೈಸೂರಿನ ಒಂದು ಪಂಪ್‌ಸೆಟ್ ಕಂಪನಿಯಲ್ಲಿ ರೈತರ ಫೋನಿಗೆ ಉತ್ತರ ಹೇಳುವ ಕೆಲಸದಲ್ಲಿದ್ದಳು. ಮೋಟರು ಓಡುತ್ತಿಲ್ಲ, ಓಡಿದರೂ ನೀರಿಲ್ಲ, ಸ್ಟಾರ್ಟರು ಗುಂಯ್‌ಗುಡುತ್ತದೆ ಎಂದು ಎಲ್ಲೆಲ್ಲಿಂದಲೋ ರೈತರು ಫೋನು ಮಾಡುತ್ತಾರೆ. ಮೆಕ್ಯಾನಿಕ್ಕು ಬರುವುದರೊಳಗೆ ಏನು ನೋಡಬೇಕು, ಏನು ಮುಟ್ಟಬಾರದು ಎಂದು ಹೇಳಿಕೊಡಬೇಕು. ನಮ್ಮೂರು ಸೋಸಲೆಯಿಂದ ನರಸೀಪುರ, ಅಲ್ಲಿಂದ ಮೈಸೂರು, ದಿನಕ್ಕೆ ನಾಲ್ಕು ಬಸ್ಸು. ಮದುವೆಯಾದ ಮೇಲೂ ಎರಡು ವರ್ಷ ಹಾಗೇ ಓಡಾಡಿದಳು. ನನ್ನ ಮಗನದು ನಂಜನಗೂಡಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅವನೊಂದು ಬಸ್ಸಿನಲ್ಲಿ ಇಳಿದರೆ ಇವಳೊಂದು ಬಸ್ಸಿಗೆ ಹತ್ತುವಳು. ಮೊಮ್ಮಗಳು ಹುಟ್ಟಿದ ಮೇಲೆ ಅದು ಸಾಗಲಿಲ್ಲ. ಮನೆಯಿಂದಲೇ ಮಾಡುತ್ತೇನೆ ಎಂದು ಕೇಳಿದಳು. ಕಂಪನಿಯವರು ಒಪ್ಪಿದರು, ಒಂದು ಷರತ್ತಿನ ಮೇಲೆ. ಮೊಬೈಲಿನ ಇಂಟರ್ನೆಟ್ಟು ಆಗದು. ಮನೆಗೇ ಬಂದು ನಿಲ್ಲುವ ಸಂಪರ್ಕ ಬೇಕು. ಗುರುವಾರ, ಶುಕ್ರವಾರ, ಶನಿವಾರ ಮೂರು ದಿನ ಪರೀಕ್ಷೆ. ನಡುವೆ ಮಾತು ಕಡಿದರೆ ಕೆಲಸ ಬೇರೆಯವರಿಗೆ.

ನಮ್ಮ ಬೀದಿ ಊರಿನ ಕೊನೆಯದು, ಗದ್ದೆ ಬಯಲಿಗೆ ಮುಖ. ಅಲ್ಲಿಗೆ ಕೇಬಲ್ಲು ಹಿಂದೆ ಎರಡು ಸಲ ಬಂದಿತ್ತು. ಎರಡು ಸಲವೂ ಕಬ್ಬು ತುಂಬಿದ ಟ್ರ್ಯಾಕ್ಟರು ಅದನ್ನು ಕೊರಳಿಗೆ ಹಾರ ಹಾಕಿಕೊಂಡು ಹೊರಟುಹೋಯಿತು. ಮೂರನೆಯ ಸಲ ಕೇಬಲ್ಲಿನವರು ಬರಲಿಲ್ಲ. ಆಗ ಪವಿತ್ರಳೇ ಯಾರನ್ನೋ ವಿಚಾರಿಸಿ, ತಂತಿಯಿಲ್ಲದೆ ಟವರಿನಿಂದ ಮನೆಗೆ ನೇರವಾಗಿ ಕೊಡುವವರನ್ನು ಪತ್ತೆ ಮಾಡಿದಳು.

ಸೋಮವಾರ ಮಹದೇವಸ್ವಾಮಿ ಎಂಬ ಮೆಕ್ಯಾನಿಕ್ಕು ಸ್ಕೂಟರಿನ ಹಿಂದೆ ಪೈಪು ಕಟ್ಟಿಕೊಂಡು ಬಂದ. ಮೂವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ತಾರಸಿಯ ಮೇಲೆ ನಿಂತು ಬಯಲನ್ನು ನೋಡಿದ.

"ಟವರ್ ಕಣ್ಣಿಗೆ ಕಾಣ್ಬೇಕು ಸಾ. ಕಂಡ್ರೆ ಉಂಟು, ಕಾಣ್ದಿದ್ರೆ ಇಲ್ಲ. ಅಡ್ಡ ತೆಂಗಿನ್ಮರ ಅವೆ."

ಆ ಮಾತು ಕೇಳಿ ನನ್ನ ಮೈ ನೆಟ್ಟಗಾಯಿತು. ಕಣ್ಣಿನ ಗೆರೆ ಎಂದರೆ ನನ್ನ ಜೀವನವೇ ಅಲ್ಲವೆ. ಒಂದು ತುದಿಯಲ್ಲಿ ಕೆಂಪು ಬಿಳಿ ಕೋಲು, ಇನ್ನೊಂದು ತುದಿಯಲ್ಲಿ ನಾನು, ನಡುವೆ ಅರ್ಧ ಮೈಲಿ ಜೋಳದ ಹೊಲ. ಕೂಗಿದರೆ ಕೇಳಿಸದು. ಕೈ ಎತ್ತಿದರೆ ನಿಲ್ಲು, ಬಲಗೈ ಚಾಚಿದರೆ ಬಲಕ್ಕೆ ಸರಿ, ಎರಡೂ ಕೈ ಇಳಿಸಿದರೆ ಸರಿಯಾಯಿತು, ಗೂಟ ಹೊಡಿ. ಮೋಟುಗೋಡೆಯ ಉದ್ದಕ್ಕೂ ಒಂದೊಂದೇ ಹೆಜ್ಜೆ ಸರಿಯುತ್ತಾ ನೋಡಿದೆ. ಮೂಲೆಯಿಂದ ಹನ್ನೊಂದು ಅಡಿಗೆ, ಎರಡು ತೆಂಗಿನ ಮರಗಳ ಸಂದಿಯಲ್ಲಿ ಟವರು ಸೂಜಿಯಂತೆ ಕಂಡಿತು. ಸ್ವಾಮಿ ಅಲ್ಲೇ ಪೈಪು ನೆಟ್ಟ. ನಾನು ಹಿಂದೆ ನಿಂತು ಬಲಗೈ ಚಾಚಿದೆ. ಅವನು ಬಟ್ಟಲನ್ನು ಬಲಕ್ಕೆ ತಿರುಗಿಸಿದ. ಎರಡೂ ಕೈ ಇಳಿಸಿದೆ. ಅವನು ಬೋಲ್ಟು ಬಿಗಿದ. ಮೊಬೈಲು ನೋಡಿ, "ಇನ್ನೇನೂ ಬೇಡ ಸಾ, ಬೋ ಪಸಂದಾಗ್ ಬತ್ತಾದೆ" ಎಂದ. ಸರ್ಕಾರ ಕೊಟ್ಟ ಪ್ರಶಸ್ತಿಪತ್ರ ನನ್ನ ಬಳಿ ಒಂದೂ ಇಲ್ಲ. ಅದರ ಕೊರತೆ ಅವತ್ತು ನೀಗಿತು.

ಹೆಮ್ಮೆಪಟ್ಟವನು ಸುಮ್ಮನೆ ಕೂರುವುದುಂಟೆ. ಮಂಗಳವಾರವೆಲ್ಲ ನನ್ನದು ಅದೇ ಕಸುಬು. ಹಾಲು ಹಾಕಲು ಬಂದವಳನ್ನು, ಕರೆಂಟು ಬಿಲ್ಲಿನವನನ್ನು, ಯಾವುದೋ ಮದುವೆ ಕರೆಯಲು ಬಂದವರನ್ನು, ಎಲ್ಲರನ್ನೂ ತಾರಸಿಗೆ ಹತ್ತಿಸಿದೆ. ಮೊಣಕಾಲು ನೋವಿನವರಿಗೂ ವಿನಾಯಿತಿ ಕೊಡಲಿಲ್ಲ. "ನಮ್ಮ ಪವಿತ್ರ ಇಲ್ಲೇ ಕೂತ್ಕೊಂಡು ಇಡೀ ಕರ್ನಾಟಕದ ಬೋರ್‌ವೆಲ್ ರಿಪೇರಿ ಮಾಡ್ತಾಳೆ" ಎಂದು ಹೇಳಿದೆ. ಅವಳು ಮಾಡುವುದು ರಿಪೇರಿಯಲ್ಲ ಎಂದು ಗೊತ್ತಿದ್ದೂ ಹೇಳಿದೆ. ಅಳತೆ ಮೀರಿದ ಮಾತು ನನ್ನ ಬಾಯಿಂದ ಬಂದದ್ದು ಬಹುಶಃ ಅದೇ ಮೊದಲು.

ಸಂಜೆ ನಮ್ಮ ದೊಡ್ಡಪ್ಪನ ಮಗ ಪುಟ್ಟಮಾದಪ್ಪಣ್ಣ ಬಂದ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಅವನ ಕಣ್ಣಿನ ಬಗ್ಗೆ ಊರಿನಲ್ಲಿ ಒಂದು ಮಾತಿದೆ. ಯಾರದೋ ಜೋಡೆತ್ತು ನೋಡಿ ಚೆಂದಾಗವೆ ಎಂದನಂತೆ, ಮಾರನೆಯ ದಿನ ಒಂದು ಕುಂಟಿತಂತೆ. ಹೊಸ ಗೋಡೆ ನೋಡಿ ತಲೆದೂಗಿದನಂತೆ, ಬಿರುಕು ಬಿಟ್ಟಿತಂತೆ. ಇದರಲ್ಲಿ ಯಾವುದನ್ನೂ ನಾನು ಕಣ್ಣಾರೆ ಕಂಡವನಲ್ಲ. ಅವನು ಬಟ್ಟಲನ್ನು ಮೇಲಿಂದ ಕೆಳಗೆ ನೋಡಿದ. ಸುತ್ತ ಒಂದು ಪ್ರದಕ್ಷಿಣೆ ಬಂದ. ಕೊನೆಗೆ ನಿಟ್ಟುಸಿರು ಬಿಟ್ಟು ಹೇಳಿದ:

"ಇಷ್ಟ್ ದೊಡ್ಡೂರ್ಗೆ ನಿಮ್ಮನೆಗೊಂದ್ಕೇ ಬಂತಲ್ಲ ಕಣ್ಲಾ ಮಲ್ಲ. ಎಷ್ಟ್ ಚೆಂದಾಗದೆ."

ಅವನ ನಿಟ್ಟುಸಿರು ನನ್ನ ಕಿವಿಯಲ್ಲೇ ಉಳಿಯಿತು.

ನೀವು ನಗಬಹುದು. ಆದರೆ ನಾನು ಬೆಳೆದದ್ದು ಕದದ ಹಿಂದೆ. ಊಟಕ್ಕೆ ಕೂತರೆ ನನ್ನವ್ವ ಬೀದಿ ಬಾಗಿಲು ಮುಂದಕ್ಕೆ ಮಾಡಿ, ನನ್ನನ್ನು ಕದದ ಸಂದಿಗೆ ತಳ್ಳಿ ಮುದ್ದೆ ಇಡುತ್ತಿದ್ದಳು. ಮಗ ಉಣ್ಣುವುದನ್ನು ಯಾರಾದರೂ ನೋಡಿದರೆ ಕಣ್ಣಾಗುತ್ತದಂತೆ. ಆಗಿನ ನನ್ನ ಮೈ ನೋಡಿ ಕಣ್ಣು ಹಾಕಬೇಕಾದರೆ ಅವರಿಗೆ ದೃಷ್ಟಿದೋಷವೇ ಇರಬೇಕಿತ್ತು, ಪಕ್ಕೆಲುಬು ಎಣಿಸಿಕೊಳ್ಳಬಹುದಿತ್ತು. ಆದರೂ ಆ ಕತ್ತಲ ಸಂದಿಯಲ್ಲಿ, ಹರಳೆಣ್ಣೆ ಬಳಿದ ಕದದ ವಾಸನೆಯಲ್ಲಿ ನಾನು ಉಂಡೆ. ಅಪ್ಪ ರೇಡಿಯೋ ತಂದಾಗ ಅವ್ವ ಅದರ ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟಳು. ಸ್ಟೇಷನ್ನು ತಿರುಗಿಸುವ ಗುಂಡಿಯ ಪಕ್ಕದಲ್ಲಿದ್ದ ಆ ಕಪ್ಪು ಬೊಟ್ಟನ್ನು ನಾನು ಬಹಳ ಕಾಲ ರೇಡಿಯೋದ ಭಾಗವೆಂದೇ ತಿಳಿದಿದ್ದೆ. ಗದ್ದೆಗೆ ಪಂಪ್‌ಸೆಟ್ಟು ಬಂದಾಗ, ಹೊಸ ಮನೆಗೆ ಬಾಗಿಲು ಕೂತಾಗ, ಎಲ್ಲಕ್ಕೂ ಒಂದು ಬೂದುಗುಂಬಳಕಾಯಿ ಕಟ್ಟಿಯೇ ತೀರುವುದು. ನೋಡುವವರ ಕಣ್ಣು ಮೊದಲು ಕಾಯಿಯ ಮೇಲೆ ಬೀಳಬೇಕು, ಏನಾಗುವುದಿದ್ದರೂ ಕಾಯಿಗೆ ಆಗಬೇಕು ಎಂಬುದು ಲೆಕ್ಕಾಚಾರ. ಇಲಾಖೆಗೆ ಸೇರಿದ ಮೇಲೆ ಇದನ್ನೆಲ್ಲ ಬಿಟ್ಟೆ ಎಂದುಕೊಂಡಿದ್ದೆ.

ಬುಧವಾರ ಅಮಾವಾಸ್ಯೆ. ಗೌರಮ್ಮ, ಪವಿತ್ರ ಇಬ್ಬರೂ ಮಗುವಿಗೆ ಚುಚ್ಚುಮದ್ದು ಹಾಕಿಸಲು ನರಸೀಪುರದ ಆಸ್ಪತ್ರೆಗೆ ಹೋಗಿದ್ದರು. ನಾನೊಬ್ಬನೇ. ಊರೊಳಗೆ ಹೋಗಿ ಒಂದು ಬೂದುಗುಂಬಳ ತಂದೆ. ಅರಿಶಿನ ಬಳಿದು, ಕುಂಕುಮವಿಟ್ಟು, ಮಸಿಯಿಂದ ರಾಕ್ಷಸನ ಮುಖ ಬರೆದೆ. ಸರ್ವೆ ನಕ್ಷೆ ಬರೆದ ಕೈ. ಮೀಸೆಯ ಎರಡು ಕಡೆಯೂ ಸಮವಾಗಿ ಬಂತು. ಬಿದಿರಿನ ಗಳುವೊಂದನ್ನು ಪೈಪಿಗೆ ಅಡ್ಡ ಕಟ್ಟಿ, ಅದರ ತುದಿಗೆ ಕಾಯಿಯನ್ನು ನೇತುಹಾಕಿದೆ.

ಎಲ್ಲಿ ನೇತುಹಾಕಿದೆ ಎಂಬುದೇ ಮುಖ್ಯ. ಬೇರೆ ಯಾರೇ ಆಗಿದ್ದರೂ ಪಕ್ಕದಲ್ಲಿ ಎಲ್ಲೋ ಒಂದು ಕಡೆ ಕಟ್ಟಿ ಕೈಮುಗಿಯುತ್ತಿದ್ದರು. ನಾನು ಟೇಪು ಹಿಡಿದೆ. ಬಟ್ಟಲಿನ ಮೇಲಂಚಿನಿಂದ ಕೆಳಗಂಚಿಗೆ ಅಳೆದು ಅರ್ಧ ಮಾಡಿದೆ, ಎಡದಿಂದ ಬಲಕ್ಕೆ ಅಳೆದು ಅರ್ಧ ಮಾಡಿದೆ. ಕಾಯಿಯ ಹೊಟ್ಟೆ ಸರಿಯಾಗಿ ಆ ನಡುಬಿಂದುವಿನ ಎದುರಿಗೆ, ಒಂದು ಗೇಣು ಮುಂದಕ್ಕೆ ಬರುವಂತೆ ಹಗ್ಗ ಬಿಗಿದೆ. ಬಯಲಿನ ಕಡೆಯಿಂದ ನೋಡಿದವರಿಗೆ ಬಟ್ಟಲು ಕಾಣುವ ಮೊದಲು ರಾಕ್ಷಸ ಕಾಣಬೇಕು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಸಂಜೆ ಚುಚ್ಚುಮದ್ದಿನ ಜ್ವರಕ್ಕೆ ಮಗು ಅಳುತ್ತಿತ್ತು. ಪವಿತ್ರ ಕಂಪ್ಯೂಟರು ತೆರೆಯಲಿಲ್ಲ. ನಾನೂ ಏನೂ ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಕೋಣೆಯಲ್ಲಿ ಕೂತಳು. ಕಿವಿಗೆ ಹೆಡ್‌ಫೋನು, ಮುಂದೆ ಪುಸ್ತಕ, ಪೆನ್ನು. ನಾವು ಮೂವರು, ನಾನು, ಗೌರಮ್ಮ, ಮಗು, ಹಜಾರದಲ್ಲಿ ಕಿವಿಗೊಟ್ಟು ಕೂತಿದ್ದೆವು. "ನಮಸ್ಕಾರ, ಹೇಳಿ ಸರ್" ಎಂಬ ದನಿ ಕೇಳಿಸಿತು. ಆಮೇಲೆ "ಸರ್, ಕೇಳಿಸ್ತಿದೆಯಾ? ಹಲೋ?" ಎಂದಳು. ಮತ್ತೆ "ಹಲೋ." ಒಂಬತ್ತರಿಂದ ಹತ್ತರೊಳಗೆ ಏಳು ಸಲ ಮಾತು ಕಡಿದದ್ದನ್ನು ನಾನು ಎಣಿಸಿದ್ದೇನೆ. ಒಂದು ವಿಚಿತ್ರ ಕಂಡೆ. ಕಿಟಕಿಯ ಪರದೆ ಅಲುಗಿದಾಗ ಅವಳ ಮಾತು ಸಾಗುತ್ತಿತ್ತು, ಪರದೆ ನಿಂತಾಗ ಮಾತೂ ನಿಲ್ಲುತ್ತಿತ್ತು. ಅದಕ್ಕೆ ಅರ್ಥವಿದೆ ಎಂದು ಆಗ ಹೊಳೆಯಲಿಲ್ಲ.

ಹತ್ತು ಗಂಟೆಗೆ ಅವಳು ಹೊರಗೆ ಬಂದಳು.

"ಕಂಪನಿ ಮೇಡಂ ನನ್ನ ಲೈನ್ ತೆಗೆದುಹಾಕಿದ್ರು ಮಾವ. ಈವತ್ತಿನದು ಕೆಟ್ಟಂಗೇ ಲೆಕ್ಕ ಅಂದ್ರು. ಹಿಂಗಾದ್ರೆ ನಾಳೆ ಕೂರೋದೇ ಬೇಡ ಅಂದ್ರು."

ಅಷ್ಟು ಹೇಳಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಆ ಗಳಿಗೆಯಲ್ಲಿ ನನ್ನ ಮನಸ್ಸಿಗೆ ಬಂದದ್ದನ್ನು ಮುಚ್ಚಿಡುವುದಿಲ್ಲ. ಕಾಯಿ ಕಟ್ಟಿದ್ದಕ್ಕೆ ಇಷ್ಟರಲ್ಲೇ ಹೋಯಿತು, ಇಲ್ಲದಿದ್ದರೆ ಟವರೇ ಬೀಳುತ್ತಿತ್ತೇನೋ ಎಂದು ಯೋಚಿಸಿದೆ. ಅಷ್ಟೇ ಅಲ್ಲ, ಜಗುಲಿಯ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಪುಟ್ಟಮಾದಪ್ಪಣ್ಣನ ಕಣ್ಣನ್ನು ಬೈದೆ. ಅವನ ಮನೆ ನಮ್ಮದರಿಂದ ನಾಲ್ಕನೆಯದು. ಪವಿತ್ರ ಫೋನು ಮಾಡಿ ಕರೆಸಿದ ಮೆಕ್ಯಾನಿಕ್ಕು ಸ್ವಾಮಿಯ ಸ್ಕೂಟರು ಬರುವುದಕ್ಕೂ ಪುಟ್ಟಮಾದಪ್ಪಣ್ಣ ಹೆಗಲ ಮೇಲಿನ ಟವೆಲ್ಲು ಕೊಡವುತ್ತಾ ಬರುವುದಕ್ಕೂ ಸರಿಯಾಯಿತು.

"ಯಾರ್ ಕಣ್ಲಾ ಕೆಟ್ಟದ್ದು? ಇನ್ನೊಂದ್ಸಲ ಏಳು" ಎಂದ.

ನಾನು ಇನ್ನೊಂದು ಸಲ ಹೇಳುವ ಮೊದಲೇ ಸ್ವಾಮಿ ತಾರಸಿ ಹತ್ತಿದ್ದ. ಮೇಲಿನಿಂದ ಅವನ ದನಿ ಬಂತು.

"ಸಾ, ಒಸಿ ಮೇಲಕ್ ಬನ್ನಿ ಸಾ. ಇದ್ಯಾರ್ ಸಾ ಇಲ್ಲಿ ಕುಂತಿರದು?"

ಎಲ್ಲರೂ ಹತ್ತಿದೆವು. ಬಟ್ಟಲಿನ ಎದುರು ರಾಕ್ಷಸ ನಿಶ್ಚಲವಾಗಿ ನೇತಾಡುತ್ತಿದ್ದ. ಗೌರಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ನಿಮ್ಮಂಗೇ ಅವ್ನೆ ನೋಡಿ. ಮೀಸೆ ಸಮೇತ" ಎಂದಳು.

ಸ್ವಾಮಿ ಕಾಯಿಯನ್ನು ಕೈಯಿಂದ ಪಕ್ಕಕ್ಕೆ ಸರಿಸಿ ಮೊಬೈಲು ನೋಡಿದ. ಬಿಟ್ಟು ನೋಡಿದ. ಮತ್ತೆ ಸರಿಸಿ ನೋಡಿದ. ಬೆಳಿಗ್ಗೆ ಗಾಳಿ ಬೀಸಿದಾಗಲೆಲ್ಲ ಕಾಯಿ ಹೀಗೇ ಪಕ್ಕಕ್ಕೆ ಸರಿಯುತ್ತಿತ್ತೆಂದು ಆಗ ಹೊಳೆಯಿತು.

"ಕಾಯೊಳ್ಗೆ ಬರೀ ನೀರು ಸಾ. ನಮ್ ಸಿಗ್ನಲ್ಲು ಗಾಳೀಲಿ ಎಷ್ಟ್ ದೂರ ಬೇಕಾದ್ರೂ ಬತ್ತದೆ, ನೀರ್ ಅಡ್ಡ ಬಂದ್ರೆ ಅಲ್ಲೇ ಸತ್ತೋಯ್ತದೆ. ಪಕ್ಕಕ್ಕೆ ಕಟ್ಟಿದ್ರೆ ಏನೂ ಆಯ್ತಿರ್ನಿಲ್ಲ. ಕಟ್ಟಿರೋದು ನಟ್ಟನಡೂಕೆ. ಇಷ್ಟ್ ಕರೆಕ್ಟಾಗಿ ನಮ್ ಕೈಲೂ ಆಗಲ್ಲ ಸಾ."

ಜೀವಮಾನವಿಡೀ ನನ್ನ ಅಳತೆಯನ್ನು ಹೊಗಳಿದ ಮಾತುಗಳಲ್ಲಿ ಅದೇ ಕೊನೆಯದಾಗಲಿ ಎಂದುಕೊಂಡೆ. ಮೋಟುಗೋಡೆಯ ಮೇಲೆ ಕೂತು, "ನಾನೇ ಕಟ್ಟಿದ್ದು" ಎಂದೆ.

ಪುಟ್ಟಮಾದಪ್ಪಣ್ಣ ನನ್ನ ಪಕ್ಕ ಬಂದು ಕೂತ. ಬೈಯುತ್ತಾನೆ ಎಂದುಕೊಂಡೆ. ಅವನು ತಣ್ಣಗೆ ಹೇಳಿದ: "ನನ್ ಕಣ್ಗಿಂತ ನಿನ್ ಕೈ ಕೆಟ್ಟದ್ದು ಕಣೋ ಮಲ್ಲ."

ಸ್ವಾಮಿ ಹಗ್ಗ ಕೊಯ್ಯಲು ಚಾಕು ತೆಗೆದ. ಪವಿತ್ರ ಅವನನ್ನು ತಡೆದಳು.

"ಕೊಯ್ಯಬೇಡಿ ಅಣ್ಣ. ಬಿಚ್ಚಿ ಪೈಪಿನ ಹಿಂದಕ್ಕೆ ಕಟ್ಟಿ. ನಮ್ಮ ಮಾವ ಒಳ್ಳೇದಾಗ್ಲಿ ಅಂತ ಕಟ್ಟಿರೋದು."

ಅವಳ ದನಿಯಲ್ಲಿ ಸಿಟ್ಟು ಹುಡುಕಿದೆ. ಸಿಕ್ಕಲಿಲ್ಲ. ಸಿಕ್ಕಿದ್ದರೆ ಹಗುರಾಗುತ್ತಿದ್ದೆ.

ಇನ್ನು ಉಳಿಸಿಕೊಳ್ಳಬೇಕಾದದ್ದು ಅವಳ ಕೆಲಸ. ಕಂಪನಿಯ ಮೇಲ್ವಿಚಾರಕಿಗೆ ಫೋನು ಮಾಡಿ, ಕರೆಂಟು ಹೋಗಿತ್ತು ಎಂದೋ ಮಳೆ ಬಂತು ಎಂದೋ ಹೇಳಿಬಿಡು ಎಂದು ಗೌರಮ್ಮ ಸೂಚಿಸಿದಳು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ನಾನು ಪವಿತ್ರಳಿಂದ ಫೋನು ಇಸಿದುಕೊಂಡೆ. ಬದುವಿನ ಮೇಲೆ ಎಷ್ಟೋ ಜನರಿಂದ ಹೇಳಿಕೆ ಬರೆಸಿಕೊಂಡವನು ಅವತ್ತು ಮೊದಲ ಬಾರಿಗೆ ನನ್ನದೇ ಹೇಳಿಕೆ ಕೊಟ್ಟೆ.

"ಮೇಡಂ, ನಾನು ಪವಿತ್ರಳ ಮಾವ, ನಿವೃತ್ತ ಸರ್ವೇಯರು. ನೆನ್ನೆ ಅಮಾವಾಸ್ಯೆಯ ದಿನ, ಮನೆಯಲ್ಲಿ ಯಾರೂ ಇಲ್ಲದಾಗ, ಸುಮಾರು ನಾಲ್ಕು ಕೆ.ಜಿ. ತೂಕದ ಒಂದು ಬೂದುಗುಂಬಳಕಾಯಿಯನ್ನು ಇಂಟರ್ನೆಟ್ಟಿನ ಬಟ್ಟಲಿಗೆ ಒಂದು ಗೇಣು ದೂರದಲ್ಲಿ ನನ್ನ ಕೈಯಾರೆ ಕಟ್ಟಿದೆ. ಈ ವಿಷಯ ಪವಿತ್ರಳಿಗೆ ತಿಳಿದಿರಲಿಲ್ಲ. ಈವತ್ತು ಮಾತು ಕಡಿದದ್ದು ಆ ಕಾಯಿಯಿಂದ. ಅದನ್ನು ಈಗ ತೆಗೆದಿದೆ. ತಪ್ಪು ನನ್ನದು, ಅವಳದಲ್ಲ."

ಆ ಕಡೆ ಬಹಳ ಹೊತ್ತು ಮಾತಿಲ್ಲ. ಮತ್ತೆ ಲೈನು ಕಡಿಯಿತೇ ಎಂದು ಬೆವೆತೆ.

"ಯಾಕೆ ಕಟ್ಟಿದ್ರಿ ಸರ್?" ಎಂದರು ಆ ಹೆಣ್ಣುಮಗಳು.

"ಅವಳ ಕೆಲಸಕ್ಕೆ ಯಾರ ಕಣ್ಣೂ ಬೀಳದಿರಲಿ ಅಂತ."

ಆಮೇಲೆ, "ನಾಳೆ ಒಂಬತ್ತಕ್ಕೆ ಕೂರೋಕೆ ಹೇಳಿ. ಎರಡು ದಿನ ಇದೆ. ಇನ್ನು ಒಂದು ಕಾಲ್ ಕಟ್ ಆದ್ರೂ ನಾನು ಏನೂ ಮಾಡೋಕಾಗಲ್ಲ" ಎಂದರು.

ಶುಕ್ರವಾರ ಒಂದೂ ಕಡಿಯಲಿಲ್ಲ. ಶನಿವಾರವೂ ಮಧ್ಯಾಹ್ನದವರೆಗೆ ಚೆನ್ನಾಗಿಯೇ ನಡೆಯಿತು. ನಾನು ಕೋಣೆಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದೆ. ಸೊಸೆ ಕೆಲಸ ಮಾಡುವುದನ್ನು ನಾನು ಮೊದಲು ನೋಡಿರಲಿಲ್ಲ. ಅವಳು ಬಸ್ಸು ಹತ್ತುವುದನ್ನು, ಇಳಿಯುವುದನ್ನು ಮಾತ್ರ ನೋಡಿದ್ದೆ. ನಡುವಿನ ಎಂಟು ಗಂಟೆ ಅವಳು ಏನಾಗಿರುತ್ತಾಳೆ ಎಂದು ತಿಳಿದದ್ದು ಆ ಎರಡು ದಿನ. ಸಿಡುಕುವವರಿಗೆ ಸಿಡುಕದೆ, ಅವಸರದವರಿಗೆ ಅವಸರಪಡದೆ ಹೇಳುತ್ತಿದ್ದಳು. ಒಬ್ಬನಂತೂ ಗಂಡಸರು ಯಾರಾದರೂ ಇದ್ದರೆ ಕೊಡಿ ಎಂದನೆಂದು ಕಾಣುತ್ತದೆ. "ಇದಾರೆ ಸರ್, ಆದ್ರೆ ಅವ್ರು ನನ್ನೇ ಕೇಳ್ತಾರೆ" ಎಂದಳು, ನಗದೆ.

ನಾಲ್ಕೂವರೆಗೆ ಕೊನೆಯ ಕರೆ. ಯಾರೋ ವಯಸ್ಸಾದ ಹೆಂಗಸಿರಬೇಕು. ಪವಿತ್ರ, ಮೇಡಂ ಎನ್ನುವುದನ್ನು ಬಿಟ್ಟು, ಅವ್ವ ಎನ್ನತೊಡಗಿದ್ದಳು. ನನಗೆ ಕೇಳಿಸಿದ್ದು ಈ ಕಡೆಯ ಮಾತು ಮಾತ್ರ.

"ಮೋಟ್ರು ಓಡ್ತದೆ, ನೀರು ಬರಲ್ಲ. ಎಷ್ಟ್ ದಿನದಿಂದ ಅವ್ವ?... ಅದಕ್ಕೆ ಮುಂಚೆ ಟ್ರಾನ್ಸ್‌ಫಾರ್ಮರ್ ಏನಾದ್ರೂ ಬದಲಾಯಿಸಿದ್ರಾ?... ಹೂಂ. ಹಂಗಾದ್ರೆ ಮೋಟ್ರು ಕೆಟ್ಟಿಲ್ಲ ಅವ್ವ, ಹಿಂದುಮುಂದಾಗಿ ತಿರುಗ್ತಾ ಇದೆ ಅಷ್ಟೆ. ವೈರಿನ ಕೆಲಸ ಗೊತ್ತಿರೋರು ಯಾರಿದಾರೆ ಹತ್ತಿರ?... ಅಳಿಯನ್ನ ಕರೀರಿ. ಮೊದ್ಲು ಮೇನ್ ಇಳಿಸ್ಲಿ. ಇಳಿಸಿದಾರಾ? ನೀವೇ ಕಣ್ಣಲ್ಲಿ ನೋಡಿ ಹೇಳಿ ಅವ್ವ... ಟೆಸ್ಟರ್ ಇಟ್ಟು ನೋಡ್ಲಿ... ಈಗ ಮೂರು ವೈರಲ್ಲಿ ಎರಡನ್ನ ಅದಲುಬದಲು ಮಾಡ್ಲಿ. ಆತುರ ಬೇಡ. ನಾನು ಇರ್ತೀನಿ."

ಅವಳು ಇದ್ದಳು. ನಾನು ಬಟ್ಟಲನ್ನು ನೆನೆಯುತ್ತಾ ಕೂತೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡು ನಿಮಿಷ ಕಳೆಯಿತು. ಗೌರಮ್ಮ ಸಾರಿನ ಸೌಟು ಹಿಡಿದೇ ಬಂದು ನಿಂತಿದ್ದಳು. "ಈಗ ಹಾಕ್ಲಿ" ಎಂದಳು ಪವಿತ್ರ. ಆಮೇಲೆ ಕಣ್ಣು ಮುಚ್ಚಿಕೊಂಡಳು. ಏನನ್ನೋ ಕೇಳುತ್ತಿದ್ದಳು. ಮುಖ ನಿಧಾನವಾಗಿ ಬಿಚ್ಚಿಕೊಂಡಿತು. ಹೀಗೆ ಮಾಡಬಹುದೋ ಬಾರದೋ ನನಗೆ ತಿಳಿಯದು, ಅವಳು ಹೆಡ್‌ಫೋನಿನ ಒಂದು ಬದಿಯನ್ನು ಕಿವಿಯಿಂದ ಸರಿಸಿ, ಬಗ್ಗಿ ನನ್ನ ಕಿವಿಗೆ ಹಿಡಿದಳು.

ತೊಟ್ಟಿಗೆ ನೀರು ಬೀಳುತ್ತಿತ್ತು. ಮೊದಲು ಉಗುಳಿದಂತೆ ಬಿಟ್ಟುಬಿಟ್ಟು, ಆಮೇಲೆ ಒಂದೇ ಸಮ. ಅದರ ಮೇಲೆ ಒಂದು ಮುದಿ ದನಿ.

"ಬಂತು ಕಣವ್ವ. ಆನೆ ಸುಂಡ್ಲು ದಪ್ಪ ಬತ್ತಾದೆ. ಯಾವೂರೋ ಏನೋ ನಿಂದು. ನಿನ್ನ್ ಎತ್ತೋರ್ ವಟ್ಟೆ ತಣ್ಗಿರ್ಲಿ."

ನಾನು ಅದನ್ನು ಕೂಡಲೇ ಅವಳಿಗೆ ಹಿಂದಿರುಗಿಸಿದೆ. ಆ ಮಾತು ನನ್ನದಲ್ಲ, ಅವಳನ್ನು ಹೆತ್ತವರದು.

ಐದೂಕಾಲಿಗೆ ಕಂಪನಿಯಿಂದ ಸಂದೇಶ ಬಂತು, ಸೋಮವಾರದಿಂದ ಒಂಬತ್ತಕ್ಕೆ ಹಾಜರಾಗತಕ್ಕದ್ದು ಎಂದು. ಪವಿತ್ರ ಅದನ್ನು ಎರಡು ಸಲ ಓದಿದಳು, ಮಗುವನ್ನು ಎತ್ತಿ ಸುತ್ತಿಸಿದಳು, ಗೌರಮ್ಮ ಸೌಟಿನಿಂದಲೇ ದೃಷ್ಟಿ ತೆಗೆದಳು. ಗದ್ದಲ ಇಳಿದ ಮೇಲೆ ನಾನು ಜಗುಲಿಗೆ ಬಂದು ಬಿಳಿಗೆರೆಗೆ ಫೋನು ಮಾಡಿದೆ. ನಮ್ಮ ಬೀಗರು ಬಸವರಾಜಪ್ಪನವರು ಬಾಳೆ ಬೆಳೆಯುವವರು. ಗಂಡು ಮಕ್ಕಳಿಲ್ಲ. ಮಗಳಿಗೆ ಟಾರ್ಚು ಹಿಡಿಸಿ, ಸ್ಟಾರ್ಟರು ಬಿಚ್ಚಿ, ಯಾವ ವೈರು ಎಲ್ಲಿಗೆ ಎಂದು ತೋರಿಸಿಕೊಟ್ಟವರು ಅವರೇ. ಹೆಣ್ಣು ಹುಡುಗಿಗೆ ಇದೆಲ್ಲ ಯಾಕೆ ಎಂದು ಆಗ ಊರಿನವರು ಆಡಿಕೊಂಡಿದ್ದರಂತೆ.

ಅವರಿಗೆ ಮೊದಲಿನಿಂದ ಹೇಳಿದೆ. ಕುಂಬಳಕಾಯಿಯನ್ನೂ ಬಿಡಲಿಲ್ಲ. ಕೊನೆಗೆ ಆ ಮುದುಕಿಯ ಮಾತನ್ನು, ಕಿವಿಗೆ ಬಿದ್ದಂತೆ, ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಒಪ್ಪಿಸಿದೆ. ಸಲ್ಲಬೇಕಾದವರಿಗೆ ಸಲ್ಲಿಸಿದಂತಾಯಿತು.

ಆ ಕಡೆಯಿಂದ ಬಾಳೆತೋಟದ ಎಲೆಗಳು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿದ್ದುದು ಮಾತ್ರ ಕೇಳಿಸಿತು.

"ಇನ್ನೊಂದ್ಸಲ ಏಳಿ ಬೀಗ್ರೇ" ಎಂದರು ಬಸವರಾಜಪ್ಪನವರು.

ಹೇಳಿದೆ.